ಹಿಂಬಾಗಿಲಿನ ಷರತ್ತು

"ಬಾಗಿಲನ್ನ ಯಾಕೆ ಸುಡಬೇಕು ಮೇಷ್ಟ್ರೇ?"

ಪೊಲೀಸಮ್ಮ ಇದನ್ನು ಕೇಳುತ್ತಿದ್ದದ್ದು ಎರಡನೆಯ ಸಲ. ಮೊದಲ ಸಲ ಕೇಳಿದಾಗ ಮೇಷ್ಟ್ರು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಈಗಲೂ ತುಂಬುತ್ತಲೇ ಇದ್ದರು. ದಪ್ಪನೆಯವು ಕೆಳಗೆ, ತೆಳ್ಳನೆಯವು ಮೇಲೆ, ಸಂದಿಯಲ್ಲಿ ಹಳೆಯ ಪತ್ರಿಕೆಯ ಹಾಳೆ. ಪ್ರಶ್ನೆ ತಮಗಲ್ಲ, ಪಕ್ಕದ ಮನೆಯವರಿಗೆ ಎನ್ನುವ ಹಾಗಿತ್ತು ಅವರ ಮುಖ.

ನಾಲ್ಕು ವರ್ಷದ ಹಿಂದೆ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಬೆಂಕಿ ಬಿದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಸತ್ತಿದ್ದಳು. ಈಗ ಅವಳಿಗೆ ಕಲಿಸಿದ ಈ ಮೇಷ್ಟ್ರು ಮನೆಮಾರು ಸಮೇತ ಇದ್ದದ್ದೆಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟು ಅವಳ ಹೆಸರಿನಲ್ಲಿ ಹೊಸ ಪ್ರಯೋಗಶಾಲೆ ಕಟ್ಟಿಸಲು ಹೊರಟಿದ್ದರು. ಯಾಕೆ ಎಂದು ತಿಳಿದುಕೊಂಡು ಬರಲು ಸತ್ತ ಹುಡುಗಿಯ ತಾಯಿ ಪೊಲೀಸಮ್ಮನನ್ನು ಹಚ್ಚಿದ್ದಳು.

ಪೊಲೀಸಮ್ಮ ಪೊಲೀಸು ಕೆಲಸ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಕಳೆದುಹೋದ ಗಂಡಂದಿರನ್ನೂ ಕಣ್ಮರೆಯಾದ ಪಾಲುದಾರರನ್ನೂ ಹುಡುಕಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದವಳಿಗೆ, ದಾನ ಕೊಟ್ಟವನು ಯಾಕೆ ಕೊಟ್ಟ ಎಂದು ಪತ್ತೆ ಮಾಡುವ ಕೆಲಸ ಇದೇ ಮೊದಲು. ಕೊಟ್ಟವನ ಬೆನ್ನು ಹತ್ತುವುದು ಯಾವ ಊರಿನ ನ್ಯಾಯ ಎಂದು ತನ್ನನ್ನೇ ತಾನು ಬೈದುಕೊಂಡೂ ಆಗಿತ್ತು.

ಮೊಣಕಾಲು ನೋಯುತ್ತಿತ್ತು. ಕುರ್ಚಿಗಳೆಲ್ಲ ಆಗಲೇ ಸಾಗಿಹೋಗಿದ್ದವು. ಅವಳು ಕೇಳದೆಯೇ ಒಂದು ಪುಸ್ತಕದ ಪೆಟ್ಟಿಗೆಯ ಮೇಲೆಯೇ ಕುಳಿತಳು. ಗೋಡೆಯ ಮೇಲೆ ಪಟಗಳಿದ್ದ ಕಡೆಯೆಲ್ಲ ಬಿಳಿಯ ಚೌಕಗಳು ಉಳಿದಿದ್ದವು. ಭಾನುವಾರ ಮನೆ ಬಿಟ್ಟು ಎರಡು ಬೀದಿ ಆಚೆಗಿನ ಒಂದು ಬಾಡಿಗೆ ಕೋಣೆಗೆ ಹೋಗುತ್ತಾರಂತೆ. ಎಪ್ಪತ್ತು ದಾಟಿದ ಒಂಟಿ ಜೀವ. ಅಯ್ಯೋ ಪಾಪ ಎನ್ನಬೇಕು ಅನ್ನಿಸಿತು, ಆದರೆ ಅವಳು ಬಂದದ್ದು ಅದಕ್ಕಲ್ಲ.

"ದಾನಪತ್ರದಲ್ಲಿ ಒಂದು ಷರತ್ತು ಹಾಕಿದ್ದೀರಿ," ಎಂದಳು. "ಹಳೇ ಪ್ರಯೋಗಶಾಲೆಯನ್ನ ಸೋಮವಾರ ತಳಪಾಯದ ತನಕ ಕೆಡವಬೇಕು. ಆಯ್ತು, ಒಪ್ಪೋಣ. ಅದರ ಬಾಗಿಲು, ಚೌಕಟ್ಟು ಯಾವುದನ್ನೂ ಹರಾಜು ಹಾಕಬಾರದು, ಸುಟ್ಟು ಬೂದಿ ಮಾಡಬೇಕು. ಇದನ್ನ ಯಾರಾದ್ರೂ ಬರೀತಾರಾ?"

ಮೇಷ್ಟ್ರು ಒಂದು ಪುಸ್ತಕದ ಧೂಳು ಒರೆಸಿದರು. ಅಪಶಕುನದ ಕೋಣೆ, ಆ ಮರ ಇನ್ನೊಬ್ಬರ ಮನೆಗೆ ಹೋಗಬಾರದು ಎಂದು ಹಾಗೆ ಬರೆಸಿದೆ ಎಂದರು. ಜೀವಮಾನವೆಲ್ಲ ಶಕುನ ಗಿಕುನ ಎಂದವರನ್ನು ತರಗತಿಯಲ್ಲೇ ಗೇಲಿ ಮಾಡಿದ ಮನುಷ್ಯ ಇವರು ಎಂದು ಅವರ ಹಳೆಯ ಶಿಷ್ಯರು ಮೂವರು ಪೊಲೀಸಮ್ಮನಿಗೆ ಹೇಳಿದ್ದರು.

ಆ ವಿಶ್ವವಿದ್ಯಾಲಯದಲ್ಲಿ ಒಂದು ಪದ್ಧತಿ. ಕಟ್ಟಡ ಕೊಡುವವರು ಯಾರೇ ಆಗಲಿ, ತಾವು ಯಾಕೆ ಕೊಡುತ್ತಿದ್ದೇವೆಂದು ಸ್ವಂತ ಕೈಬರಹದಲ್ಲಿ ಒಂದು ಪುಟ ಬರೆಯಬೇಕು. ಶಂಕುಸ್ಥಾಪನೆಯ ದಿನ ಅದನ್ನು ಎಲ್ಲರೆದುರು ಓದಿ ಆಮೇಲೆ ಕಡತಕ್ಕೆ ಸೇರಿಸುತ್ತಾರೆ. ದಾನ ವಿಭಾಗದ ಗುಮಾಸ್ತೆ ಬಾಯಿ ತುಂಬ ಮಾತಾಡುವ ಹೆಂಗಸು. ಕಡತವನ್ನು ತೆರೆದಿಟ್ಟು ಪೊಲೀಸಮ್ಮನಿಗೆ ಒಂದು ಮಧ್ಯಾಹ್ನವೆಲ್ಲ ಮನರಂಜನೆ ಕೊಟ್ಟಿದ್ದಳು. ಈಜುಕೊಳ ಕೊಟ್ಟವನು ಯುವಜನರ ಆರೋಗ್ಯಕ್ಕಾಗಿ ಎಂದು ಬರೆದಿದ್ದ. ನಿಜವಾಗಿ ಇದೇ ಕಾಲೇಜಿನಲ್ಲಿ ಮೂರು ಸಲ ನಪಾಸಾದವನು, ತನಗೆ ಸೊನ್ನೆ ಹಾಕಿದ ಲೆಕ್ಕದ ಮೇಷ್ಟ್ರ ಕಿಟಕಿಯ ಎದುರಿಗೇ ಕೊಳ ತೋಡಿಸಿದ್ದ. ಗ್ರಂಥಾಲಯಕ್ಕೆ ಎರಡನೆಯ ಮಹಡಿ ಕೊಟ್ಟವನಿಗೆ ಮೊದಲನೆಯ ಮಹಡಿ ಕೊಟ್ಟ ಅಣ್ಣನ ತಲೆಯ ಮೇಲೆ ಕೂರಬೇಕಿತ್ತು. ಹೆಣ್ಣುಮಕ್ಕಳ ಹಾಸ್ಟೆಲ್ ಕೊಟ್ಟ ಮುದುಕಿ, ಓದುವಾಗ ಚಿಕ್ಕಪ್ಪನ ಮನೆಯಲ್ಲಿ ಇರಬೇಕಾಗಿ ಬಂದದ್ದನ್ನು ಒಂದೇ ಒಂದು ಸಾಲಿನಲ್ಲಿ ಬರೆದು, ಅದನ್ನೂ ಹೊಡೆದುಹಾಕಿದ್ದಳು. ಬರೆದ ಕಾರಣಕ್ಕೇ ಕೊಟ್ಟವರನ್ನು ತಾನಿನ್ನೂ ಕಂಡಿಲ್ಲ ಎಂದು ಗುಮಾಸ್ತೆ ನಕ್ಕಿದ್ದಳು.

ಮೇಷ್ಟ್ರು ಆ ಪುಟವನ್ನು ಮೂರು ಸಲ ವಾಪಸು ಪಡೆದಿದ್ದರು. ಕೊನೆಗೆ ಕೊಟ್ಟದ್ದು ಒಂದೇ ಸಾಲು: ಒಳ್ಳೆಯ ವಿದ್ಯಾರ್ಥಿನಿಯೊಬ್ಬಳ ನೆನಪಿಗಾಗಿ.

"ಅಷ್ಟೊಂದು ಒಳ್ಳೆಯವಳಾಗಿದ್ರೆ," ಪೊಲೀಸಮ್ಮ ನಿಧಾನವಾಗಿ ಕೇಳಿದಳು, "ವಿಚಾರಣೆಯಲ್ಲಿ ಅವಳ ವಿರುದ್ಧ ಯಾಕೆ ಸಾಕ್ಷಿ ಹೇಳಿದ್ರಿ?"

ಮೇಷ್ಟ್ರ ಕೈ ನಿಂತಿತು.

"ವಿರುದ್ಧ ಹೇಳಲಿಲ್ಲ. ಹಿಂದಿನ ಬಾಗಿಲು ತೆರೆದಿತ್ತು ಅಂದೆ. ಅಷ್ಟೇ ಅಂದದ್ದು."

ಅಷ್ಟೇ ಸಾಕಾಗಿತ್ತು. ವಿಚಾರಣಾ ಸಮಿತಿ ಆ ಒಂದು ಮಾತಿನ ಮೇಲೆ ಇಡೀ ವರದಿಯನ್ನೇ ಕಟ್ಟಿತ್ತು. ಬೆಂಕಿ ಹತ್ತಿದ್ದು ಮುಂಬಾಗಿಲ ಕಡೆ. ಹಿಂದೆ ಕಬ್ಬಿಣದ ಮೆಟ್ಟಿಲಿಗೆ ಹೋಗುವ ಬಾಗಿಲು ತೆರೆದೇ ಇತ್ತು. ಆದರೂ ಹುಡುಗಿ ಹೊರಗೆ ಬರಲಿಲ್ಲವೆಂದರೆ ನಿದ್ದೆ ಹೋಗಿರಬೇಕು. ಒಲೆ ಉರಿಯಲು ಬಿಟ್ಟು ನಿದ್ದೆ ಹೋದವಳದೇ ತಪ್ಪು. ಹೀಗೆ ಬರೆದು ಮೊಹರು ಒತ್ತಿ ಕೈ ತೊಳೆದುಕೊಂಡಿದ್ದರು. ಆ ಸಾಲನ್ನು ಹೊಡೆದುಹಾಕಿಸಿ ಕೊಡಿ ಅಕ್ಕ, ನನಗೆ ಇನ್ನೇನೂ ಬೇಡ ಎಂದು ತಾಯಿ ಮೊದಲ ದಿನವೇ ಅಂಗಲಾಚಿದ್ದಳು. ಕಟ್ಟಡಕ್ಕೆ ಮಗಳ ಹೆಸರಿಟ್ಟು, ಕಡತದಲ್ಲಿ ಮಗಳನ್ನೇ ಗುನ್ನೆಗಾರಳು ಅಂತ ಇಟ್ಟುಕೊಳ್ಳುತ್ತಾರಲ್ಲ, ಇದೆಂಥ ಮರ್ಯಾದೆ ಎಂದು ಕೇಳಿದ್ದಳು. ಆ ಪ್ರಶ್ನೆಗೆ ಪೊಲೀಸಮ್ಮನ ಬಳಿ ಅವತ್ತು ಉತ್ತರವಿರಲಿಲ್ಲ.

ನಿನ್ನೆ ಸಿಕ್ಕಿತ್ತು. ಕೆಡವುವ ಮೊದಲು ಅಳತೆ ತೆಗೆದುಕೊಳ್ಳಲು ಕಟ್ಟಡದ ಇಂಜಿನಿಯರು ಕೋಣೆಯ ಮೊಹರು ಒಡೆದಾಗ ಅವಳೂ ಹಿಂದೆಯೇ ನುಸುಳಿದ್ದಳು. ಇಂಜಿನಿಯರಿಗೆ ಉದ್ದಗಲ ಬಿಟ್ಟು ಬೇರೇನೂ ಕಾಣಲಿಲ್ಲ, ಅದು ಅವನ ಕೆಲಸವೂ ಅಲ್ಲ. ನಾಲ್ಕು ವರ್ಷದ ಮಸಿ ಗೋಡೆ, ಬಾಗಿಲು, ನೆಲವನ್ನೆಲ್ಲ ಒಂದೇ ಬಣ್ಣ ಮಾಡಿಟ್ಟಿತ್ತು. ಪೊಲೀಸಮ್ಮ ಹಿಂಬಾಗಿಲಿನ ಒಳಮೈಯನ್ನು ಸೆರಗಿನ ತುದಿಯಿಂದ ಒರೆಸಿದಳು.

"ಬಾಗಿಲ ಒಳಗಡೆ ಏಟಿನ ಗುರುತಿದೆ," ಎಂದಳು ಈಗ. "ಹದಿನೇಳು. ಎದೆಯ ಮಟ್ಟದಲ್ಲಿ ಆಳವಾಗಿ, ಕೆಳಗೆ ಹೋಗ್ತಾ ಹೋಗ್ತಾ ಬಲ ಕಡಿಮೆ. ಪ್ರಯೋಗಕ್ಕೆ ಬಳಸೋ ಕಬ್ಬಿಣದ ಸ್ಟ್ಯಾಂಡು ಬಾಗಿಲ ಬುಡದಲ್ಲೇ ಬಿದ್ದಿದೆ, ಅದರ ಪಾದ ಸೊಟ್ಟಗಾಗಿದೆ. ತೆರೆದ ಬಾಗಿಲನ್ನ ಯಾರೂ ಹಾಗೆ ಹೊಡೆಯಲ್ಲ ಮೇಷ್ಟ್ರೇ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಈ ಗಳಿಗೆ ಬಂದಾಗಲೆಲ್ಲ ಪೊಲೀಸಮ್ಮನಿಗೆ ಒಳಗೊಳಗೇ ಒಂದು ಖುಷಿ ಆಗುತ್ತಿತ್ತು. ಇವತ್ತು ಅದರ ಸುಳಿವೂ ಇರಲಿಲ್ಲ.

ಅವಳು ಬಿಡಲಿಲ್ಲ. ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರೆಂಬುದು ಬೀಗದ ಪುಸ್ತಕದಲ್ಲಿಯೇ ಇತ್ತು. ಎರಡು ಕೀಲಿ. ಒಂದು ಸಾಮಾನಿನ ಕೋಣೆ ನೋಡಿಕೊಳ್ಳುವ ಸ್ಟೋರಿನವನ ಬಳಿ, ಇನ್ನೊಂದು ವಿಭಾಗದ ಮುಖ್ಯಸ್ಥರ ಬಳಿ. ಆಗ ಮುಖ್ಯಸ್ಥರು ಇದೇ ಮೇಷ್ಟ್ರು. ಬೆಂಕಿ ಎಂದು ಕೂಗು ಕೇಳಿ ಕಬ್ಬಿಣದ ಮೆಟ್ಟಿಲು ಹತ್ತಿದ ಮೊದಲಿಗರೂ ಅವರೇ. ಬೀಗ ಮಾತ್ರ ಆವತ್ತಿನಿಂದ ಇವತ್ತಿನವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಬೀಗ ನೀವು ತೆಗೆದ್ರಿ," ಎಂದಳು ಕಡ್ಡಿ ಮುರಿದ ಹಾಗೆ. "ತೆಗೆದು ಜೇಬಿಗೆ ಹಾಕ್ಕೊಂಡ್ರಿ. ಆಮೇಲೆ ತೆರೆದಿತ್ತು ಅಂದ್ರಿ."

ಮೇಷ್ಟ್ರು ಪೆಟ್ಟಿಗೆಯ ಅಂಚು ಹಿಡಿದು ನೆಲದ ಮೇಲೆ ಕುಳಿತುಕೊಂಡರು. "ಬಾಗಿಲ ಹಿಂದೇನೇ ಇದ್ದಳು," ಎಂದರು. "ತಳ್ಳೋಕೆ ಆಗಲಿಲ್ಲ. ಅವಳೇ ಅಡ್ಡ ಇದ್ದಳು."

ಪೊಲೀಸಮ್ಮ ಕೇಳಬೇಕಾದ್ದು ಇನ್ನೂ ಬಾಕಿ ಇತ್ತು. ಬೀಗ ಹಾಕಿದವನು ಯಾರು ಎಂದು ಅವಳಿಗೆ ಗೊತ್ತಿತ್ತು. ಆದರೂ ಬೇರೆ ಯಾರಾದರೂ ಆಗಿರಲಿ ಎಂಬ ಆಸೆ ಸಾಯಲೊಲ್ಲದು. ಬೀಗದ ಪುಸ್ತಕದ ಆ ದಿನದ ಪುಟದಲ್ಲಿ ಸಂಜೆ ಐದು ಗಂಟೆ ಹತ್ತು ನಿಮಿಷ ಎಂದು ಬರೆದು ಸ್ಟೋರಿನವನು ಸಹಿ ಹಾಕಿದ್ದ. ಸ್ಟೋರಿನವನು ಸತ್ತ ಹುಡುಗಿಯ ತಂದೆ.

"ಅವರಿಗೆ ಗೊತ್ತಾ?" ಎಂದಳು.

"ಇಲ್ಲ."

"ತಾನೇ ಹಾಕಿದ ಬೀಗ ಅವರಿಗೆ ಗೊತ್ತಿಲ್ಲದೆ ಇರುತ್ತಾ?"

ಆಗ ಮೇಷ್ಟ್ರು ಹೇಳತೊಡಗಿದರು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಸ್ಟೋರಿನವನು ಮೂವತ್ತು ವರ್ಷ ದಿನಾ ಸಂಜೆ ಒಂದೇ ಹೊತ್ತಿಗೆ ಒಂದೇ ಸುತ್ತು ಹಾಕುತ್ತಿದ್ದ. ವಿಭಾಗದಲ್ಲಿ ಕೆಲಸ ಮುಗಿಸಿದವರು ತಮ್ಮ ಬಿಳಿಯ ಕೋಟನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿ ಹೋಗಬೇಕು. ಗೂಟದಲ್ಲಿ ಕೋಟಿದ್ದರೆ ಮನುಷ್ಯ ಹೋಗಿಯಾಯಿತು. ಗೂಟ ಖಾಲಿಯಿದ್ದರೆ ಇನ್ನೂ ಒಳಗಿದ್ದಾನೆ. ಹೆಸರು ಕೂಗಿ ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ, ಗೂಟಗಳನ್ನು ನೋಡಿದರೆ ಮುಗಿಯಿತು. ಆವತ್ತು ಎಲ್ಲ ಗೂಟದಲ್ಲೂ ಕೋಟಿತ್ತು. ಮಗಳ ಗೂಟದಲ್ಲೂ.

"ಹಿಂದಿನ ದಿನ ನೇತುಹಾಕಿದ್ದ ಅವಳ ಹಳೇ ಕೋಟು," ಎಂದರು ಮೇಷ್ಟ್ರು. "ಬೆಳಿಗ್ಗೆ ಬರುವಾಗಲೇ ಹೊಸದು ಹಾಕ್ಕೊಂಡು ಬಂದಿದ್ದಳು. ನನಗೂ ತೋರಿಸಿದಳು. ಅಮ್ಮ ಹೊಲಿದುಕೊಟ್ಟರು ಸರ್, ಜೇಬು ನೋಡಿ ಎಷ್ಟು ದೊಡ್ಡದು ಅಂತ."

ದರ್ಜಿ ಕೆಲಸದ ಆ ತಾಯಿ ಪೊಲೀಸಮ್ಮನ ಜೊತೆಗಿನ ಮೊದಲ ಭೇಟಿಯಲ್ಲಿಯೇ ಈ ಕೋಟಿನ ಸುದ್ದಿ ಎತ್ತಿದ್ದಳು. ಹಳೆಯದರ ತೋಳು ಸುಟ್ಟು ತೂತು ಬಿದ್ದಿತ್ತಂತೆ. ಎರಡು ದಿನ ಬೇರೆಯವರ ಬಟ್ಟೆ ಬದಿಗಿಟ್ಟು ಮಗಳದನ್ನು ಮುಗಿಸಿಕೊಟ್ಟಳಂತೆ. ಹೊಸ ಕೋಟಿನ ಋಣವಾದರೂ ಒಂದು ದಿನದ ಮಟ್ಟಿಗೆ ತೀರಿತಲ್ಲ ಅಕ್ಕ ಎಂದು ಆ ಹೆಂಗಸು ಅದರಲ್ಲೇ ಒಂದು ಸಮಾಧಾನ ಹುಡುಕಿಕೊಂಡಿದ್ದಳು.

ಅಪ್ಪ ಸುದ್ದಿ ಕೇಳಿ ಓಡಿಬಂದಾಗ ಮೇಷ್ಟ್ರು ಮೆಟ್ಟಿಲ ಮೇಲೆ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರಂತೆ. ಅವನು ಮೊದಲು ಮಗಳ ಮುಖ ನೋಡಲಿಲ್ಲ, ಬಾಗಿಲು ನೋಡಿದ. ಬಾಗಿಲು ತೆರೆದಿತ್ತಾ ಸರ್ ಎಂದು ಕೇಳಿದ. ಬೀಗ ಆಗ ಮೇಷ್ಟ್ರ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

"ತೆರೆದಿತ್ತು ಅಂದೆ. ಇನ್ನೇನು ಹೇಳಲಿ? ಮಗಳ ಹೆಸರು, ವರದಿ, ಸಮಿತಿ, ಇದೆಲ್ಲ ಆ ಹೊತ್ತಿಗೆ ಯಾರ ತಲೆಗೆ ಬರುತ್ತೆ? ಮರೆತೆನಾ ಸರ್, ಹಾಕೋದು ಮರೆತುಬಿಟ್ಟೆನಾ ಅಂತ ನನ್ನ ಕೈ ಹಿಡ್ಕೊಂಡ. ಹೌದಪ್ಪಾ, ನೀನು ಮರೆತಿದ್ದೆ ಅಂದೆ. ನಂಬಿಬಿಟ್ಟ. ದಿನಾ ಮಾಡೋ ಕೆಲಸ ನೋಡಿ, ಒಂದು ದಿನದ್ದು ಅಂತ ಬೇರೆಯಾಗಿ ನೆನಪಿರಲ್ಲ. ಸಹಿಯೂ ಅಭ್ಯಾಸಬಲದಿಂದ ಹಾಕಿದೆ ಅಂದ್ಕೊಂಡ."

"ಹೇಳಿದ ಮೇಲಾದ್ರೂ ಯೋಚನೆ ಮಾಡಬಹುದಿತ್ತಲ್ಲ. ನಾಲ್ಕು ವರ್ಷ ಇತ್ತು."

"ಮಾಡಿದೆ. ಬಾಗಿಲು ತೆರೆದಿದ್ರೆ ತಪ್ಪು ಮಗಳದು. ಮುಚ್ಚಿದ್ರೆ ತಪ್ಪು ಅಪ್ಪಂದು. ಎರಡರಲ್ಲಿ ಒಂದೇ ಉಳಿಯೋದು. ಅವಳು ಸತ್ತಾಗಿತ್ತು, ಅವನು ಬದುಕಿದ್ದ."

ಪೊಲೀಸಮ್ಮ ಕರಗಲಿಲ್ಲ, ಕರಗುವ ಜಾಯಮಾನವೂ ಅವಳದಲ್ಲ. ಬೀಗ ಹಾಕುವ ಕಟ್ಟಳೆ ಮಾಡಿದ್ದು ಯಾರು ಎಂದು ಕೇಳಿದಳು. ಬೆಂಕಿಗೆ ವರ್ಷದ ಮುಂಚೆ ಪ್ರಯೋಗಶಾಲೆಯಿಂದ ಸ್ಪಿರಿಟ್ ಬಾಟಲಿಗಳು ಕಳುವಾಗುತ್ತಿದ್ದವು, ಅದಕ್ಕೆಂದೇ ಬೀಗ ಹಾಕಿಸಿದ್ದು. ತುರ್ತು ಬಾಗಿಲಿಗೆ ಹೊರಗಿನಿಂದ ಬೀಗ ಬೇಡ ಎಂದು ಅಗ್ನಿಶಾಮಕದವರು ಬರೆದು ತಿಳಿಸಿದ್ದರೂ ಮುಖ್ಯಸ್ಥರು ಕೇಳಿರಲಿಲ್ಲ. ಆ ಕಾಗದವೂ ಅವಳ ಚೀಲದಲ್ಲಿತ್ತು. ಬೀಗದ ಮಾತು ಹೊರಗೆ ಬಂದಿದ್ದರೆ ಹಾಕಿದವನ ಕೊರಳಿಗೆ ಬರುವ ಮೊದಲು ಹಾಕಿಸಿದವರ ಕೊರಳಿಗೆ ಬರುತ್ತಿತ್ತು.

ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ಇದನ್ನೊಂದು ಬಿಟ್ಟುಬಿಡುತ್ತಾಳೇನೋ ಎಂದು ಕಾದಿದ್ದ ಹಾಗಿತ್ತು ಆ ನೋಟ.

"ಅದೂ ಇತ್ತು," ಎಂದರು. "ಸುಳ್ಳು ಹೇಳಲ್ಲ, ಅದೂ ಇತ್ತು. ಅವನಿಗಾಗಿ ಎಷ್ಟು, ನನಗಾಗಿ ಎಷ್ಟು ಅಂತ ದಿನಾ ಬೆಳಿಗ್ಗೆ ಎದ್ದು ಅಳೆಯೋಕೆ ಕೂತ್ಕೋತೀನಿ. ಒಂದೊಂದು ದಿನ ಒಂದೊಂದು ಥರ ಬರುತ್ತೆ. ಆ ಪುಟ ಮೂರು ಸಲ ವಾಪಸು ತಗೊಂಡದ್ದು ಅದಕ್ಕೇ."

ಇದ್ದದ್ದೆಲ್ಲ ಕೊಟ್ಟರೆ ಕೊನೆಗಾದರೂ ತಿಳಿಯಬಹುದು ಎಂದುಕೊಂಡಿದ್ದರಂತೆ. ಕೊಟ್ಟಾಯಿತು, ತಿಳಿಯಲಿಲ್ಲ. ಪ್ರತಿ ವರ್ಷ ಅದೇ ದಿನ ಸ್ಟೋರಿನವನು ಈ ಮನೆಗೆ ಬಂದು ಜಗಲಿಯ ಮೇಲೆ ಅರ್ಧ ಗಂಟೆ ಕೂತು ಕೈ ಮುಗಿದು ಹೋಗುತ್ತಾನಂತೆ. ಕೈ ಮುಗಿಯುವಾಗ ಅವರಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತದಂತೆ. ಬಾಗಿಲು ಸುಟ್ಟುಹೋದರೆ ಅವನಾದರೂ ನೆಮ್ಮದಿಯಾಗಿ ಸಾಯುತ್ತಾನೆ. ಅಷ್ಟಕ್ಕೆ ಈ ಮನೆ ಹೆಚ್ಚಲ್ಲ.

"ಈಗ ನೀವು ಆ ತಾಯಿಗೆ ಏನು ಹೇಳ್ತೀರಿ?" ಎಂದು ಮೇಷ್ಟ್ರು ಕೇಳಿದರು.

ಪೊಲೀಸಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಸೆರಗಿನ ತುದಿಯಲ್ಲಿ ನಿನ್ನೆಯ ಮಸಿ ಹಾಗೇ ಇತ್ತು. ಚೀಲ ಎತ್ತಿಕೊಂಡು ಹೊರಗೆ ಬಂದಳು.

ದಾರಿಯುದ್ದಕ್ಕೂ ಅವಳು ತನ್ನೊಳಗೇ ಜಗಳವಾಡಿದಳು. ಹೇಳಿದರೆ ಮಗಳ ಹೆಸರಿನ ಮೇಲಿನ ಕಳಂಕ ಹೋಗುತ್ತದೆ. ಅದರ ಜೊತೆಗೆ ಅಪ್ಪನೂ ಹೋಗುತ್ತಾನೆ; ಅವನು ಒಂದು ದಿನವೂ ತಡೆಯುವವನಲ್ಲ. ಗೂಟದಲ್ಲಿ ಹಳೆಯ ಕೋಟು ಯಾಕೆ ಉಳಿಯಿತು ಎಂದು ತಾಯಿ ಕೇಳಿಯೇ ಕೇಳುತ್ತಾಳೆ, ಆಮೇಲೆ ಅವಳ ಕೈ ಇನ್ನೊಂದು ಸಲ ಸೂಜಿ ಹಿಡಿದ ಹಾಗೆಯೇ. ಹೇಳದಿದ್ದರೆ ಸತ್ತ ಹುಡುಗಿ ಲೋಕದ ಕಣ್ಣಿಗೆ ಒಲೆ ಬಿಟ್ಟು ನಿದ್ದೆ ಹೋದವಳಾಗಿಯೇ ಉಳಿಯುತ್ತಾಳೆ, ಬಾಗಿಲಿನ ಮೇಲೆ ಹದಿನೇಳು ಸಲ ಹೊಡೆದ ಮೇಲೂ. ಈ ಹಾಳು ಕೆಲಸವನ್ನು ಯಾಕಾದರೂ ಒಪ್ಪಿಕೊಂಡೆನೋ ಎಂದು ಅವಳು ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿಯೇ ಅಂದುಬಿಟ್ಟಳು. ಎದುರಿಗೆ ಬರುತ್ತಿದ್ದವನು ಬೆಚ್ಚಿ ಪಕ್ಕಕ್ಕೆ ಸರಿದ.

ಕೊನೆಗೆ ಬದುಕಿರುವವರ ಕಡೆ ಮನಸ್ಸು ವಾಲಿತು. ಏನೂ ಸಿಗಲಿಲ್ಲ ತಾಯಿ, ಮೇಷ್ಟ್ರು ಮನಸ್ಸಾರೆ ಕೊಟ್ಟಿದ್ದಾರೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು. ಸೋಮವಾರದ ತನಕ ತಳ್ಳಿದರೆ ಸಾಕು, ಆಮೇಲೆ ತೋರಿಸಲು ಬಾಗಿಲೇ ಇರುವುದಿಲ್ಲ. ಸಮಿತಿಯವರು ಮಾಡಿದ್ದಕ್ಕೂ ತಾನು ಮಾಡುವುದಕ್ಕೂ ವ್ಯತ್ಯಾಸವೇನು ಎಂಬುದನ್ನು ಅವಳು ಬೇಕೆಂದೇ ಯೋಚಿಸಲಿಲ್ಲ.

ಹೊಲಿಗೆ ಅಂಗಡಿ ಬೀದಿಗೆ ತೆರೆದ ಒಂದೇ ಕೋಣೆ. ತಾಯಿ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು ಯಂತ್ರದ ಮುಂದೆ ಕುಳಿತು ಒಂದು ಕಾಲರು ಹೊಲಿಯುತ್ತಿದ್ದಳು. ಹಿಂದೆ ಗಂಡ ಇಸ್ತ್ರಿ ಮಾಡುತ್ತಿದ್ದ. ಬೆಂಕಿಯ ನಂತರ ವಿಶ್ವವಿದ್ಯಾಲಯದ ಕೆಲಸ ಬಿಟ್ಟವನು ಇಲ್ಲೇ ಹೆಂಡತಿಯ ಜೊತೆ ಕೈಜೋಡಿಸಿದ್ದ. ಪ್ರತಿ ಬಟ್ಟೆ ಮಡಿಸಿದ ಮೇಲೂ ಎರಡು ಹೆಜ್ಜೆ ಹಿಂದೆ ಹೋಗಿ ಅಂಚು ಸರಿಯಿದೆಯೇ ಎಂದು ನೋಡುವ ಮನುಷ್ಯ.

ಪೊಲೀಸಮ್ಮ ಬಾಯಿ ತೆರೆಯುವ ಮೊದಲೇ ತಾಯಿ ಮಾತಾಡಿದಳು.

"ಅಕ್ಕ, ಒಪ್ಪಿದ್ರು."

ಕಟ್ಟಡಕ್ಕೆ ಮಗಳ ಹೆಸರಿಡಲು ಹೆತ್ತವರ ಒಪ್ಪಿಗೆಯ ಸಹಿ ಬೇಕಿತ್ತು. ಇವತ್ತು ಬೆಳಿಗ್ಗೆ ವಿಶ್ವವಿದ್ಯಾಲಯದವರು ಕಾಗದ ಹಿಡಿದುಕೊಂಡು ಬಂದಾಗ ಅವಳು ಸಹಿ ಹಾಕಲಿಲ್ಲವಂತೆ. ದಾನ ಕೊಡುವವರಿಗೆ ಷರತ್ತು ಹಾಕುವ ಹಕ್ಕಿದ್ದರೆ ಮಗಳ ಹೆಸರು ಕೊಡುವವಳಿಗೂ ಇದೆ ಎಂದಳಂತೆ. ಕೆಡವುವ ಮುಂಚೆ ಮಗಳು ಇದ್ದ ಆ ಕೋಣೆಯನ್ನು ಒಂದು ಸಲ ತೋರಿಸಿ, ಆಮೇಲೆ ಸಹಿ. ಅವರು ಯಾರ್ಯಾರಿಗೋ ಫೋನು ಮಾಡಿ ಒಪ್ಪಿಕೊಂಡರಂತೆ. ನಾಳೆ ಹತ್ತು ಗಂಟೆಗೆ ಇಬ್ಬರನ್ನೂ ಒಳಗೆ ಬಿಡುತ್ತಾರೆ.

ಬಾಗಿಲಿನ ಮಸಿಯನ್ನು ಪೊಲೀಸಮ್ಮ ತಾನೇ ಒರೆಸಿ ಬಂದಿದ್ದಾಳೆ. ಇಂಜಿನಿಯರನ ಕಣ್ಣಿಗೆ ಬೀಳದ್ದು ಮೂವತ್ತು ವರ್ಷ ಅದೇ ಬಾಗಿಲನ್ನು ಹಾಕಿ ತೆಗೆದವನ ಕಣ್ಣಿಗೆ ಕ್ಷಣದಲ್ಲಿ ಬೀಳುತ್ತದೆ.

ಗಂಡ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಮುಂದೆ ಬಂದ. ಸಂಕೋಚದ ಮನುಷ್ಯ, ಈ ತಿಂಗಳೆಲ್ಲ ಅವಳೊಂದಿಗೆ ಆಡಿದ್ದು ನಾಲ್ಕೇ ಮಾತು.

"ಮೇಡಂ, ನಿನ್ನೆ ನೀವು ಒಳಗೆ ಹೋಗಿದ್ರಲ್ಲ. ಹಿಂದಿನ ಬಾಗಿಲು ಇನ್ನೂ ಹಾಗೇ ಇದೆಯಾ?"

ಅವಳು ತಲೆಯಾಡಿಸಿದಳು.

"ನಾಳೆ ನಾನೇ ಮೊದಲು ಹೋಗ್ತೀನಿ ಅಂತ ಇವಳಿಗೆ ಹೇಳಿದೀನಿ," ಎಂದ. "ಆ ಬಾಗಿಲನ್ನ ಒಂದ್ಸಲ ಮುಟ್ಟಬೇಕು. ನನ್ನಿಂದ ಅವಳಿಗೆ ಆದ ಉಪಕಾರ ಅದೊಂದೇ ನೋಡಿ, ಅವತ್ತು ಬೀಗ ಹಾಕದೆ ಬಿಟ್ಟದ್ದು. ಅವಳ ಕೈಗೆ ಸಿಗಲಿಲ್ಲ, ಅದು ನಮ್ಮ ಕರ್ಮ. ಆದ್ರೆ ದಾರಿ ಇತ್ತು."

ತಾಯಿ ಮತ್ತೆ ಯಂತ್ರ ತುಳಿಯತೊಡಗಿದ್ದಳು. ಪೊಲೀಸಮ್ಮ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಸುಳ್ಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಕಳ್ಳರ ಬಾಯಿ ಬಿಡಿಸಿದವಳು, ತನ್ನ ಬಾಯನ್ನು ಹಿಡಿಯಲಾರದೆ ಹೋದಳು.

"ನಾಳೆ ಹೋಗಬೇಡಿ," ಎಂದಳು.

ಯಂತ್ರ ನಿಂತಿತು.

"ಯಾರು ಹೋಗಬಾರದು ಅಕ್ಕ?" ಎಂದು ತಾಯಿ ಕೇಳಿದಳು. ಧ್ವನಿ ತೀರ ಮೆತ್ತಗಿತ್ತು. "ನಾನಾ, ಇವರಾ?"

ಇಬ್ಬರೂ ಎಂದು ತಕ್ಷಣ ಹೇಳಿಬಿಟ್ಟಿದ್ದರೆ ಆಗುತ್ತಿತ್ತೇನೋ. ಪೊಲೀಸಮ್ಮ ಹೇಳಲಿಲ್ಲ. ಬೇಡ ಬೇಡವೆಂದರೂ ಅವಳ ಕಣ್ಣು ಹೋಗಿ ಆ ಮನುಷ್ಯನ ಮೇಲೆ ನಿಂತಿತು. ಅವನು ಏನೂ ತಿಳಿಯದೆ ಮಡಿಸಿದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ.

ಆ ಕಣ್ಣು ಹೋದ ದಿಕ್ಕನ್ನು ತಾಯಿ ನೋಡಿದಳು. ಕಾಲರನ್ನು ಯಂತ್ರದ ಮೇಲೆ ಬಿಟ್ಟು ನಿಧಾನವಾಗಿ ಗಂಡನ ಕಡೆಗೆ ತಿರುಗಿದಳು.